ಪುಸ್ತಕ ಆಮೇಲೆ, ಮೊದಲು ಒಂದು ಕಥೆ ಕಳಿಸಿ

ಬರೆಯುವ ಹುಡುಗ ಹುಡುಗಿಯರು ಸಿಕ್ಕಾಗ ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ ಇರುತ್ತದೆ: "ಮೇಡಂ, ಪುಸ್ತಕ ಮಾಡಿಸುವುದು ಹೇಗೆ?" ಎಷ್ಟು ಕಥೆ ಬರೆದಿದ್ದೀರಿ ಎಂದರೆ ಹತ್ತೋ ಹನ್ನೆರಡೋ ಎನ್ನುತ್ತಾರೆ. ಎಲ್ಲೆಲ್ಲಿ ಪ್ರಕಟವಾಗಿವೆ ಎಂದರೆ ಸುಮ್ಮನಾಗುತ್ತಾರೆ, ಇಲ್ಲವೇ ಯಾವುದೋ ವಾಟ್ಸ್‌ಆ್ಯಪ್ ಬಳಗದ ಹೆಸರು ಹೇಳುತ್ತಾರೆ. ವಾರಪತ್ರಿಕೆಯೊಂದರಲ್ಲಿ ಕಥೆ, ಕವಿತೆಗಳ ಲಕೋಟೆ ಒಡೆದು ಓದುವ ಕೆಲಸವನ್ನು ಬಹಳ ವರ್ಷ ಮಾಡಿದವಳು ನಾನು. ಲಕೋಟೆ ಹೋಗಿ ಇಮೇಲ್ ಬಂದದ್ದನ್ನೂ ಅದೇ ಕುರ್ಚಿಯಲ್ಲಿ ಕುಳಿತು ಕಂಡೆ. ಅಲ್ಲಿ ಕುಳಿತು ತಿಳಿದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇದರ ಹುರುಳು ಇಷ್ಟು: ನಿಮ್ಮ ಬರಹವನ್ನು "ಬೇಡ" ಎನ್ನಬಲ್ಲವರಿಗೆ ಮೊದಲು ಕಳಿಸಿ. ದುಡ್ಡು ಕೊಟ್ಟರೆ ಯಾರದ್ದನ್ನಾದರೂ ಅಚ್ಚು ಹಾಕಿಕೊಡುವವರ ಬಳಿ ಹೋಗಲು ಅವಸರವೇನಿಲ್ಲ. ಅವರ ಬಾಗಿಲು ಯಾವತ್ತೂ ತೆರೆದೇ ಇರುತ್ತದೆ.

ಕಳಿಸುವ ಮುನ್ನ ಆ ಪತ್ರಿಕೆ ಓದಿ

ಕನ್ನಡದಲ್ಲಿ ಕಥೆ, ಕವಿತೆಗೆ ಜಾಗವೇ ಉಳಿದಿಲ್ಲ ಎಂಬ ದೂರು ಹಳೆಯದು. ಜಾಗ ಕಡಿಮೆಯಾಗಿರುವುದು ನಿಜ, ಪೂರ್ತಿ ಹೋಗಿಲ್ಲ. 1965ರಲ್ಲಿ ಶುರುವಾದ 'ಸುಧಾ', 1968ರಲ್ಲಿ ಬಂದ 'ಮಯೂರ', ಮಣಿಪಾಲದ 'ತರಂಗ' ಮತ್ತು 'ತುಷಾರ', ನವಕರ್ನಾಟಕದ 'ಹೊಸತು' ಇವೆಲ್ಲ ಹೊಸಬರ ಹೆಸರನ್ನು ಅಚ್ಚಿನಲ್ಲಿ ತಂದ ಪತ್ರಿಕೆಗಳೇ. ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ಅಂತರ್ಜಾಲದಲ್ಲಿ 'ಕೆಂಡಸಂಪಿಗೆ', 'ಅವಧಿ', 'ಪಂಜು' ಇವೆ.

ಆದರೆ ಪಟ್ಟಿ ಇಟ್ಟುಕೊಂಡು ಎಲ್ಲರಿಗೂ ಕಳಿಸುವುದು ಕೆಲಸವಲ್ಲ. ಒಂದು ಪತ್ರಿಕೆಯ ಇತ್ತೀಚಿನ ಮೂರು ನಾಲ್ಕು ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ಕುಳಿತು ಓದಿ. ಅದರಲ್ಲಿ ಬಂದ ಕಥೆಯ ಒಂದು ಸಾಲಿನ ಪದಗಳನ್ನು ಎಣಿಸಿ, ಸಾಲುಗಳಿಂದ ಗುಣಿಸಿದರೆ ಕಥೆ ಎಷ್ಟು ಉದ್ದವಿರಬೇಕೆಂದು ಗೊತ್ತಾಗುತ್ತದೆ. ಮಾಸಿಕಗಳು ಉದ್ದದ ಕಥೆಯನ್ನು ಹೊರುತ್ತವೆ, ಭಾನುವಾರದ ಪುರವಣಿ ಹೊರುವುದಿಲ್ಲ. ಐದು ಸಾವಿರ ಪದಗಳ ಕಥೆಯನ್ನು ಪುರವಣಿಗೆ ಕಳಿಸಿ "ಬೇಕಾದರೆ ಕತ್ತರಿಸಿಕೊಳ್ಳಿ" ಎಂದು ಬರೆಯುವವರಿದ್ದಾರೆ. ಕತ್ತರಿಸುವುದು ಕಥೆಗಾರನ ಕೆಲಸ. ಸಂಪಾದಕರ ಕತ್ತರಿ ಪುಟದ ಅಳತೆಯನ್ನು ನೋಡುತ್ತದೆಯೇ ಹೊರತು ನಿಮ್ಮ ಕಥೆಯ ಜೀವ ಎಲ್ಲಿದೆ ಎಂದು ಹುಡುಕುವುದಿಲ್ಲ.

ಇನ್ನೊಂದು ಬಾಗಿಲಿದೆ, ಅದನ್ನು ಯಾರೂ ತಟ್ಟುವುದಿಲ್ಲ. ಕವಿತೆಗಳು ರಾಶಿ ಬೀಳುತ್ತವೆ, ಕಥೆಗಳು ಸಾಕಷ್ಟು ಬರುತ್ತವೆ; ಒಳ್ಳೆಯ ಲಲಿತ ಪ್ರಬಂಧ ಅಪರೂಪ, ಓದಿ ಬರೆದ ಪುಸ್ತಕ ವಿಮರ್ಶೆ ಇನ್ನೂ ಅಪರೂಪ. ವಿಮರ್ಶೆಗೆಂದು ಬಂದ ಪುಸ್ತಕಗಳು ಪತ್ರಿಕಾ ಕಚೇರಿಯ ಮೇಜಿನ ಮೇಲೆ ಗೋಪುರ ಕಟ್ಟಿರುತ್ತವೆ, ಓದಿ ನಾನೂರು ಪದ ಬರೆದುಕೊಡುವ ಕೈ ಇರುವುದಿಲ್ಲ. ನಿಮಗಿಷ್ಟವಾದ ಹೊಸ ಪುಸ್ತಕವೊಂದರ ಬಗ್ಗೆ, ಹೊಗಳಿಕೆಯಿಲ್ಲದೆ, ಅದರೊಳಗೆ ಏನಿದೆ, ಎಲ್ಲಿ ಸೋತಿದೆ ಎಂದು ಬರೆದು ಕಳಿಸಿ. ಪ್ರಕಟವಾದರೆ ಸಂಪಾದಕರಿಗೆ ನಿಮ್ಮ ಹೆಸರು ಪರಿಚಯವಾಗುತ್ತದೆ. ಓದುಗರ ಪತ್ರಗಳ ವಿಭಾಗವನ್ನೂ ಹಗುರವಾಗಿ ಕಾಣಬೇಡಿ. ನೂರೈವತ್ತು ಪದಗಳಲ್ಲಿ ಒಂದು ವಿಷಯವನ್ನು ಹೇಳಿ ಮುಗಿಸಲು ಕಲಿಸುವ ಶಾಲೆ ಅದು, ಶುಲ್ಕವೂ ಇಲ್ಲ.

ಕಡತ ಹೇಗಿರಬೇಕು

ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಥೆ ಚೆನ್ನಾಗಿದ್ದೂ ಓದಿಸಿಕೊಳ್ಳದೆ ಹೋಗುವುದು ಇಲ್ಲಿಯೇ.

ವರ್ಡ್ ಕಡತದಲ್ಲಿ, ಯಾವ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್ ಅಕ್ಷರಗಳಲ್ಲಿ ಕಳಿಸಿ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕಥೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿ ಕಾಣಿಸುತ್ತದೆ. ಕೆಲವು ಪತ್ರಿಕೆಗಳು ಇಂದಿಗೂ ನುಡಿ ಕಡತವನ್ನೇ ಕೇಳುತ್ತವೆ. ಅವರು ಕೇಳಿದ್ದನ್ನು ಕೊಡಿ, ಕೇಳದಿದ್ದರೆ ಯೂನಿಕೋಡ್ ಕೊಡಿ. ಹಳೆಯ ಅಕ್ಷರಗಳಿಂದ ಯೂನಿಕೋಡಿಗೆ ಪರಿವರ್ತಿಸಿದ್ದರೆ ಇಡೀ ಬರಹವನ್ನು ಮತ್ತೆ ಓದಿ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ಕೆಲವು ಒತ್ತಕ್ಷರಗಳು ಒಡೆದು ನಿಂತಿರುತ್ತವೆ. ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಒತ್ತುವ ಅಭ್ಯಾಸವೂ ಕೆಲವರಿಗಿದೆ. ಪರದೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಹುಡುಕಲು ಹೋದರೆ ಮಾತ್ರ ಪದ ಸಿಗುವುದಿಲ್ಲ. ಧ್ವನಿಯಿಂದ ಬರೆಸಿಕೊಂಡ ಕಡತವಾದರೆ ಇನ್ನೂ ಎಚ್ಚರ ಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ಗತಿ ಅಲ್ಲಿ ದೇವರಿಗೇ ಪ್ರೀತಿ.

ಪಿಡಿಎಫ್ ಮಾತ್ರ ಕಳಿಸಬೇಡಿ. ಅದರಿಂದ ಕನ್ನಡವನ್ನು ಹೊರತೆಗೆಯುವ ಹೊತ್ತಿಗೆ ಉಪಸಂಪಾದಕರಿಗೆ ಹೊಸದಾಗಿ ಬೆರಳಚ್ಚಿಸುವುದೇ ವಾಸಿ ಎನ್ನಿಸುತ್ತದೆ. ಕೈಬರಹದ ಹಾಳೆಯ ಫೋಟೊಗಳನ್ನಂತೂ ಖಂಡಿತ ಬೇಡ. ಗುಲಾಬಿ ಹೂವಿನ ಚೌಕಟ್ಟು, ಬಣ್ಣದ ಶೀರ್ಷಿಕೆ, ಸಾಲು ಸಾಲಿಗೆ ಮೂರು ಉದ್ಗಾರ ಚಿಹ್ನೆ ಇವೆಲ್ಲ "ನಾನು ಹೊಸಬ" ಎಂದು ಕೂಗಿ ಹೇಳುತ್ತವೆ. ಕಪ್ಪು ಅಕ್ಷರ, ಬಿಳಿ ಹಾಳೆ, ಹನ್ನೆರಡರ ಗಾತ್ರ, ಸಾಲುಗಳ ನಡುವೆ ಒಂದೂವರೆ ಅಂತರ, ಪುಟಸಂಖ್ಯೆ. ಇಷ್ಟು ಸಾಕು. ಕಡತಕ್ಕೆ 'ಹೊಸ ಕಥೆ ಫೈನಲ್' ಎಂದು ಹೆಸರಿಡದೆ ಕಥೆಯ ಶೀರ್ಷಿಕೆ ಮತ್ತು ನಿಮ್ಮ ಹೆಸರಿಡಿ. ಪತ್ರಿಕಾ ಕಚೇರಿಯ ಕಂಪ್ಯೂಟರಿನಲ್ಲಿ 'ಹೊಸ ಕಥೆ' ಎಂಬ ಕಡತಗಳ ದೊಡ್ಡ ಹಿಂಡೇ ಇರುತ್ತದೆ.

ಇಮೇಲಿನಲ್ಲಿ ಬರೆಯಬೇಕಾದದ್ದು ನಾಲ್ಕೈದು ಸಾಲು:

"ಮಾನ್ಯರೆ, 'ಬಾಡಿಗೆ ಸೈಕಲ್' ಎಂಬ ಕಥೆಯನ್ನು ನಿಮ್ಮ ಪರಿಶೀಲನೆಗೆ ಕಳಿಸುತ್ತಿದ್ದೇನೆ. ಸುಮಾರು 2,200 ಪದಗಳಿವೆ. ಇದು ನನ್ನ ಸ್ವತಂತ್ರ ರಚನೆ. ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆಲ್ಲಿಗೂ ಕಳಿಸಿಲ್ಲ. ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ ಓದುತ್ತಿದ್ದೇನೆ. ವಿಳಾಸ, ಮೊಬೈಲ್ ಸಂಖ್ಯೆ ಕೆಳಗಿವೆ."

ಕಥೆಯ ಸಾರಾಂಶ ಬೇಡ. ಅದನ್ನು ಬರೆಯಲು ಪ್ರೇರಣೆಯಾದ ಘಟನೆ ಬೇಡ. "ದಯವಿಟ್ಟು ಪ್ರಕಟಿಸಿ ಪ್ರೋತ್ಸಾಹಿಸಿ" ಬೇಡ. ಪ್ರೋತ್ಸಾಹಕ್ಕಾಗಿ ಯಾರೂ ಪುಟ ಇಟ್ಟಿರುವುದಿಲ್ಲ, ಓದುಗನಿಗಾಗಿ ಇಟ್ಟಿರುತ್ತಾರೆ. ಬ್ಯಾಂಕ್ ಖಾತೆಯ ವಿವರವನ್ನೂ ಮೊದಲ ಪತ್ರದಲ್ಲೇ ಕಳಿಸಬೇಡಿ. ಸಂಭಾವನೆ ಕೊಡುವ ಪತ್ರಿಕೆ ಪ್ರಕಟವಾದ ಮೇಲೆ ತಾನೇ ಕೇಳುತ್ತದೆ.

"ಬೇರೆಲ್ಲೂ ಪ್ರಕಟವಾಗಿಲ್ಲ" ಎಂಬ ಮಾತಿಗೆ ಅರ್ಥ ದೊಡ್ಡದು. ಫೇಸ್‌ಬುಕ್ಕಿನಲ್ಲಿ ಹಾಕಿದ ಕವಿತೆ, 'ಪ್ರತಿಲಿಪಿ' ಜಾಲತಾಣದಲ್ಲಿ ಏರಿಸಿದ ಕಥೆ ಎರಡೂ ಬಹುತೇಕ ಸಂಪಾದಕರ ಲೆಕ್ಕದಲ್ಲಿ ಪ್ರಕಟಿತ. ಎಲ್ಲರೂ ಮೆಚ್ಚಿದ ಕವಿತೆಯನ್ನು ಆಮೇಲೆ ಪತ್ರಿಕೆಗೆ ಕಳಿಸೋಣ ಎಂದುಕೊಂಡರೆ ಅದು ಆಗುವ ಮಾತಲ್ಲ. ಯಾವುದನ್ನು ಎಲ್ಲಿಗೆ ಎಂದು ಮೊದಲೇ ನಿರ್ಧರಿಸಿ.

ಕಾಯುವುದೂ ಒಂದು ಕೆಲಸ

ಕನ್ನಡದ ಪತ್ರಿಕೆಗಳಲ್ಲಿ "ಸ್ವೀಕೃತ", "ಅಸ್ವೀಕೃತ" ಎಂದು ಎಲ್ಲರಿಗೂ ಉತ್ತರ ಬರುವುದಿಲ್ಲ. ಇದು ಒಳ್ಳೆಯ ಪದ್ಧತಿಯೆಂದು ನಾನು ಹೇಳಲಾರೆ, ಆದರೆ ಇರುವುದು ಹೀಗೆ. ಒಂದಿಬ್ಬರು ಕುಳಿತು ನೂರಾರು ಬರಹ ಓದುವ ವಿಭಾಗದಿಂದ ಎಲ್ಲರಿಗೂ ಕಾಗದ ಹೋಗುವುದು ಕಷ್ಟ. ಮೂರು ತಿಂಗಳು ಕಾಯಿರಿ. ಆಮೇಲೆ ಒಂದು ಸಾಲಿನ ಇಮೇಲ್ ಬರೆದು ವಿಚಾರಿಸಿ. ಅದಕ್ಕೂ ಉತ್ತರ ಬಾರದಿದ್ದರೆ "ಈ ಕಥೆಯನ್ನು ಹಿಂಪಡೆಯುತ್ತಿದ್ದೇನೆ" ಎಂದು ಬರೆದು, ಆ ಪತ್ರದ ಪ್ರತಿ ಇಟ್ಟುಕೊಂಡು, ಬೇರೆ ಕಡೆಗೆ ಕಳಿಸಿ. ಫೋನ್ ಮಾಡಬೇಡಿ. ಪುಟ ಕಟ್ಟುವ ದಿನ ಬಂದ ಫೋನು ಯಾರ ಕಥೆಗೂ ಒಳ್ಳೆಯದು ಮಾಡಿದ್ದನ್ನು ನಾನು ಕಂಡಿಲ್ಲ.

ಒಂದೇ ಕಥೆಯನ್ನು ಏಕಕಾಲಕ್ಕೆ ಮೂರು ಕಡೆ ಕಳಿಸುವವರು ಒಂದು ಭಾನುವಾರ ಎರಡು ಪತ್ರಿಕೆಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತಾರೆ. ಆ ದಿನ ಸಂಭ್ರಮ. ಆಮೇಲೆ ಎರಡೂ ಕಡೆ ಬಾಗಿಲು ಬಂದ್. ಇದನ್ನು ತಪ್ಪಿಸಲು ಒಂದು ನೋಟ್‌ಬುಕ್ ಸಾಕು: ಬರಹದ ಹೆಸರು, ಕಳಿಸಿದ ತಾರೀಕು, ಎಲ್ಲಿಗೆ, ಏನಾಯಿತು.

ಋತು ನೋಡಿಕೊಳ್ಳಿ. ಯುಗಾದಿಯ ಪ್ರಬಂಧವನ್ನು ಯುಗಾದಿಯ ವಾರ ಕಳಿಸಿದರೆ ಅದು ಮುಂದಿನ ಯುಗಾದಿಗೆ. ವಿಶೇಷ ಸಂದರ್ಭದ ಬರಹ ವಾರಪತ್ರಿಕೆಗೆ ಒಂದೂವರೆ ತಿಂಗಳು ಮುಂಚೆ, ಮಾಸಿಕಕ್ಕೆ ಎರಡು ಮೂರು ತಿಂಗಳು ಮುಂಚೆ ಹೋಗಿರಬೇಕು.

ಸ್ಪರ್ಧೆಗಳು

ಕನ್ನಡ ಕಥೆಗಾರರ ಪರಿಚಯ ಪುಟಗಳನ್ನು ತಿರುವಿ ನೋಡಿ, ಎಷ್ಟೋ ಜನರ ಮೊದಲ ಹೆಜ್ಜೆ ದೀಪಾವಳಿ ವಿಶೇಷಾಂಕದ ಸ್ಪರ್ಧೆಯಲ್ಲಿಯೇ ಇದೆ. ಅದರಲ್ಲಿ ಹೆಸರಾದದ್ದು 'ಪ್ರಜಾವಾಣಿ'ಯ ಕಥಾಸ್ಪರ್ಧೆ. ಕವನ ಸ್ಪರ್ಧೆಯೂ ಜೊತೆಗೆ ನಡೆಯುತ್ತದೆ. ಇತರ ಪತ್ರಿಕೆಗಳೂ ದೀಪಾವಳಿ, ಯುಗಾದಿಗೆ ಸ್ಪರ್ಧೆ ಇಡುವುದುಂಟು. ದೀಪಾವಳಿಯ ಸ್ಪರ್ಧೆಗಳ ಪ್ರಕಟಣೆ ಸಾಮಾನ್ಯವಾಗಿ ಮಳೆಗಾಲದಲ್ಲಿ ಬರುತ್ತದೆ. ಆಗ ಬರೆಯಲು ಕುಳಿತರೆ ತಡವಾಯಿತು. ಆಗ ತಿದ್ದಲು ಕುಳಿತುಕೊಳ್ಳಬೇಕು. 'ಬುಕ್ ಬ್ರಹ್ಮ' ಎಂಬ ಸಾಹಿತ್ಯ ಜಾಲತಾಣ ಸ್ವಾತಂತ್ರ್ಯೋತ್ಸವದ ಹೆಸರಿನಲ್ಲಿ ಕಥಾಸ್ಪರ್ಧೆ ನಡೆಸುತ್ತದೆ.

ವಯಸ್ಸು ನಿಮ್ಮ ಪರವಾಗಿರುವ ಅವಕಾಶಗಳೂ ಇವೆ. ಬೆಂಗಳೂರಿನ 'ಟೊಟೊ ಫಂಡ್ಸ್ ದಿ ಆರ್ಟ್ಸ್' ಸಂಸ್ಥೆ ಮೂವತ್ತರೊಳಗಿನವರ ಸೃಜನಶೀಲ ಬರವಣಿಗೆಗೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಪುರಸ್ಕಾರ ಕೊಡುತ್ತದೆ. ಇದಕ್ಕೆ ಪುಸ್ತಕ ಬಂದಿರಬೇಕಿಲ್ಲ, ಬರಹಗಳ ಒಂದು ಗುಚ್ಛ ಕಳಿಸಿದರಾಯಿತು. ಪುಸ್ತಕ ಇಲ್ಲದವರಿಗೆ ಇದಕ್ಕಿಂತ ಗಂಭೀರವಾದ ಅವಕಾಶ ಕನ್ನಡದಲ್ಲಿ ಹೆಚ್ಚಿಲ್ಲ. ಇನ್ನೂ ಕಥಾಸಂಕಲನ ತರದವರ ಹಸ್ತಪ್ರತಿಗೆ 'ಛಂದ ಪುಸ್ತಕ' ಪ್ರಕಾಶನ ಬಹುಮಾನ ಕೊಟ್ಟು ತಾನೇ ಪ್ರಕಟಿಸುತ್ತದೆ. ಪುಸ್ತಕಕ್ಕೆ ಬಹುಮಾನ ಬರುವುದು ಬೇರೆ, ಬಹುಮಾನವೇ ಪುಸ್ತಕವಾಗಿ ಬರುವುದು ಬೇರೆ. ಎಂಟು ಹತ್ತು ಕಥೆ ಕೈಯಲ್ಲಿದ್ದವರು ಮೊದಲು ನೋಡಬೇಕಾದದ್ದು ಇತ್ತ.

ಕೇಂದ್ರ ಸರ್ಕಾರದ ಪಿಎಂ-ಯುವ ಯೋಜನೆ 2021ರಲ್ಲಿ ಶುರುವಾಯಿತು, ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುತ್ತದೆ. ಮೂವತ್ತರೊಳಗಿನವರಿಗೆ ತಿಂಗಳಿಗೆ 50,000 ರೂಪಾಯಿಯಂತೆ ಆರು ತಿಂಗಳ ಶಿಷ್ಯವೇತನ, ಮಾರ್ಗದರ್ಶನ, ಪುಸ್ತಕ ಪ್ರಕಟಣೆ, ಮಾರಾಟದ ಮೇಲೆ ಶೇ 10ರ ಗೌರವಧನ. ಕನ್ನಡದಲ್ಲೂ ಬರೆಯಬಹುದು. ದುಡ್ಡಿನ ಮೊತ್ತ ನೋಡಿ ಕಣ್ಣರಳಿಸುವ ಮುನ್ನ ಒಂದು ಮಾತು: ವಿಷಯ ಅವರದು. ಮೊದಲ ಸುತ್ತಿನ ವಿಷಯ ಸ್ವಾತಂತ್ರ್ಯ ಹೋರಾಟ, ಎರಡನೆಯದು ಪ್ರಜಾಪ್ರಭುತ್ವ. ನಿಮ್ಮ ಊರಿನ ಚರಿತ್ರೆ, ದಾಖಲೆ, ಹಿರಿಯರ ನೆನಪು ಕೆದಕುವ ಆಸೆ ಇದ್ದರೆ ಹೋಗಿ. ಪ್ರೇಮಕವಿತೆಯವರಿಗೆ ಅಲ್ಲಿ ಕೆಲಸವಿಲ್ಲ.

ನಿಯಮಾವಳಿಯನ್ನು ಎರಡು ಸಲ ಓದಿ. ಹಲವು ಸ್ಪರ್ಧೆಗಳಲ್ಲಿ ಕಥೆಯ ಹಾಳೆಗಳ ಮೇಲೆ ಹೆಸರು ಇರಬಾರದು. ಹೆಸರು, ವಿಳಾಸ, ಭಾವಚಿತ್ರ, ಸ್ವಂತ ರಚನೆಯೆಂಬ ದೃಢೀಕರಣ ಎಲ್ಲ ಬೇರೆ ಹಾಳೆಯಲ್ಲಿ. ಪ್ರತಿ ಪುಟದ ಕೆಳಗೆ ಸಹಿ ಹಾಕಿ ಕಳಿಸಿದ ಒಳ್ಳೆಯ ಕಥೆಗಳು ಓದುವ ಮೊದಲೇ ಪಕ್ಕಕ್ಕೆ ಹೋಗುವುದನ್ನು ನೋಡಿದ್ದೇನೆ. ಪದಮಿತಿ ಮೂರು ಸಾವಿರ ಎಂದರೆ ಮೂರು ಸಾವಿರವೇ.

ಓದುವ ಬಗೆ ಹೇಗೆಂದೂ ಹೇಳಿಬಿಡುತ್ತೇನೆ. ಬಂದ ಕಥೆಗಳೆಲ್ಲ ತೀರ್ಪುಗಾರರ ತನಕ ಹೋಗುವುದಿಲ್ಲ. ನಮ್ಮಂಥವರು ಮೊದಲ ಸುತ್ತು ಓದಿ ಸೋಸಿ ಕೆಲವನ್ನು ಮುಂದಕ್ಕೆ ಕಳಿಸುತ್ತೇವೆ. ಆ ಸುತ್ತಿನಲ್ಲಿ ಓದುವವರು ದಣಿದಿರುತ್ತಾರೆ. ಮೂಡಣದಲ್ಲಿ ನೇಸರ ಉದಯಿಸುವ ಕಥೆ, ಅಮೆರಿಕದ ಮಗ ಮತ್ತು ವೃದ್ಧಾಶ್ರಮದ ತಾಯಿಯ ಕಥೆ, ಕೊನೆಯಲ್ಲಿ ಅಲಾರಾಂ ಬಾರಿಸಿ ಎಲ್ಲ ಕನಸೆಂದು ತಿಳಿಯುವ ಕಥೆ ಒಂದೇ ಕಟ್ಟಿನಲ್ಲಿ ಏಳೆಂಟು ಬಂದಿರುತ್ತವೆ. ಇವುಗಳ ನಡುವೆ ಒಬ್ಬ ಹುಡುಗಿ ತನ್ನ ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದನ್ನು ಬರೆದರೆ ಓದುವವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ನಿಮಗೆ ಮಾತ್ರ ಗೊತ್ತಿರುವ ಕೆಲಸ, ಜಾಗ, ಮಾತು ಮೊದಲ ಪುಟದಲ್ಲೇ ಇರಲಿ. ಭಾಷೆಯ ಚಂದ ಆಮೇಲೆ.

ಹದಿನೆಂಟು ತುಂಬದವರಿಗೆ ಪತ್ರಿಕೆಗಳ ಮಕ್ಕಳ ವಿಭಾಗ, ಶಾಲೆ ಕಾಲೇಜಿನ ವಾರ್ಷಿಕ ಸಂಚಿಕೆ, ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯ ಕಥೆ ಹೇಳುವ ಸ್ಪರ್ಧೆ, ಜಿಲ್ಲೆಗಳಲ್ಲಿ ನಡೆಯುವ ಮಕ್ಕಳ ಸಾಹಿತ್ಯ ಸಮ್ಮೇಳನಗಳು ಇವೆ. ಸದ್ಯಕ್ಕೆ ಅಷ್ಟು ಸಾಕು. ಹದಿನೈದನೆಯ ವಯಸ್ಸಿಗೆ ಕವನ ಸಂಕಲನ ತರಿಸುವ ತಂದೆ ತಾಯಂದಿರನ್ನು ಕಂಡರೆ ನನಗೆ ಭಯ. ಆ ಮಗು ಇಪ್ಪತ್ತೈದಾದಾಗ ಆ ಪುಸ್ತಕವನ್ನು ಎಲ್ಲಿ ಬಚ್ಚಿಡಬೇಕು?

ಬರೆಯುವವರ ಜೊತೆ ಕೂರುವುದು

1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ ನಡೆಸುತ್ತ ಬಂದಿರುವ ಸಂಸ್ಕೃತಿ ಶಿಬಿರಕ್ಕೆ ಅವಕಾಶ ಸಿಕ್ಕಾಗ ಹೋಗಿ. ಅಲ್ಲಿ ನಾಟಕ, ಸಾಹಿತ್ಯ, ಚರ್ಚೆ ಬೆಳಗಿನಿಂದ ರಾತ್ರಿಯವರೆಗೆ. ಬರವಣಿಗೆಯ ಪಾಠ ಎಂದು ಯಾರೂ ಮಾಡುವುದಿಲ್ಲ, ಆದರೆ ಓದಿದ್ದರ ಬಗ್ಗೆ ಮಾತಾಡುವುದು ಹೇಗೆಂದು ಗೊತ್ತಾಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿಗೆ ಜಿಲ್ಲೆ, ತಾಲ್ಲೂಕು ಘಟಕಗಳಿವೆ. ಕವಿಗೋಷ್ಠಿಗಳಿಗೆ ಹೊಸ ಹೆಸರು ಬೇಕಾಗುತ್ತದೆ. ಮೈಸೂರು ದಸರಾದ ಕವಿಗೋಷ್ಠಿಗಳಲ್ಲಿ ಯುವಕರಿಗೆಂದೇ ಪ್ರತ್ಯೇಕ ಗೋಷ್ಠಿ ನಡೆದದ್ದುಂಟು. ವೇದಿಕೆಯ ಮೇಲೆ ಓದುವುದರಿಂದ ಕವಿತೆ ಉತ್ತಮವಾಗುತ್ತದೆ ಎಂದು ನಾನು ನಂಬುವುದಿಲ್ಲ. ಚಪ್ಪಾಳೆ ಗಿಟ್ಟಿಸುವ ಸಾಲು ಬರೆಯುವ ಚಟ ಹತ್ತುತ್ತದೆ. ವರ್ಷಕ್ಕೆ ಒಂದೆರಡು ಸಾಕು. ಇದಕ್ಕಿಂತ ಮೂರು ನಾಲ್ಕು ಗೆಳೆಯರು ತಿಂಗಳಿಗೊಮ್ಮೆ ಕುಳಿತು ಒಬ್ಬರದ್ದನ್ನೊಬ್ಬರು ನಿಷ್ಠುರವಾಗಿ ಓದುವುದು ಹೆಚ್ಚು ಉಪಯೋಗ.

ದುಡ್ಡು ಕೇಳುವವರು

ನಿಮ್ಮ ಕವಿತೆ ಎಲ್ಲಾದರೂ ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ಸಂದೇಶಗಳು ಬರಲು ಶುರುವಾಗುತ್ತವೆ. ನೂರು ಕವಿಗಳ ಸಂಕಲನ, ಪ್ರತಿ ಕವಿಯಿಂದ ಇಷ್ಟು ಹಣ, ಬದಲಿಗೆ ಒಂದು ಪ್ರತಿ, ಒಂದು ಪ್ರಮಾಣಪತ್ರ. ಆ ಪುಸ್ತಕವನ್ನು ಕೊಳ್ಳುವವರು ಅದರಲ್ಲಿರುವ ನೂರು ಕವಿಗಳೇ. ಇನ್ನು ಕೆಲವರು ನೇರವಾಗಿ ಬಿರುದನ್ನೇ ಮಾರುತ್ತಾರೆ: ನೋಂದಣಿ ಶುಲ್ಕ ಕಟ್ಟಿದರೆ ಶಾಲು, ಹಾರ, ಫಲಕ, ಫೋಟೊ. ನನ್ನ ಪರಿಚಯದ ಹುಡುಗನೊಬ್ಬನಿಗೆ ಒಂದೂ ಪುಸ್ತಕ ಬರುವ ಮುನ್ನವೇ ರಾಜ್ಯ ಮಟ್ಟದ ಬಿರುದು ಬಂದಿದೆ. ಅವನ ತಾಯಿ ಆ ಫಲಕವನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದಾರೆ, ಹಾಗಾಗಿ ನಾನು ಏನೂ ಹೇಳಲಿಲ್ಲ.

ಗುರುತಿಸುವುದು ಸುಲಭ. ತೀರ್ಪುಗಾರರು ಯಾರೆಂದು ಹೇಳುತ್ತಾರೆಯೇ? ಹಿಂದಿನ ವರ್ಷ ಗೆದ್ದವರು ಯಾರು, ಅವರ ಬರಹ ಎಲ್ಲಿ ಓದಲು ಸಿಗುತ್ತದೆ? ಎಷ್ಟು ಜನರನ್ನು ಕೈಬಿಡುತ್ತಾರೆ? ಭಾಗವಹಿಸಿದವರಿಗೆಲ್ಲ ಬಹುಮಾನ ಇದ್ದರೆ ಅಲ್ಲಿ ಓದಿದವರು ಯಾರೂ ಇಲ್ಲ.

ಐಎಸ್‌ಬಿಎನ್ ಕೊಡಿಸುತ್ತೇವೆ ಎಂದು ಹಣ ಕೇಳುವವರದ್ದು ಇನ್ನೊಂದು ದಾರಿ. ಭಾರತದಲ್ಲಿ ಪುಸ್ತಕವನ್ನು ಗುರುತಿಸುವ ಈ ಹದಿಮೂರು ಅಂಕಿಗಳ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಲೇಖಕರೇ ಪ್ರಕಾಶಕರಾದರೂ ಅಂತರ್ಜಾಲದಲ್ಲಿ ಅರ್ಜಿ ಹಾಕಿ ಪಡೆಯಬಹುದು.

ಈಗ ಪುಸ್ತಕ

ಹತ್ತು ಕಥೆಗಳಲ್ಲಿ ಐದಾರು ಒಳ್ಳೆಯ ಕಡೆ ಪ್ರಕಟವಾಗಿವೆ, ಒಂದೆರಡಕ್ಕೆ ಬಹುಮಾನ ಬಂದಿದೆ ಎಂದಾದರೆ ಪ್ರಕಾಶಕರಿಗೆ ಬರೆಯಿರಿ. ಬೆಂಗಳೂರಿನವರೇ ಆಗಬೇಕಿಲ್ಲ. ಹೆಗ್ಗೋಡಿನಲ್ಲಿ ಅಕ್ಷರ ಪ್ರಕಾಶನ, ಧಾರವಾಡದಲ್ಲಿ 1933ರಿಂದ ಇರುವ ಮನೋಹರ ಗ್ರಂಥಮಾಲೆ, ಶಿವಮೊಗ್ಗದಲ್ಲಿ ಅಹರ್ನಿಶಿ ಇವೆ. ಪತ್ರಿಕೆಗೆ ಹೇಳಿದ ಮಾತೇ ಇಲ್ಲಿಯೂ: ಅವರ ಪುಸ್ತಕಗಳನ್ನು ಓದಿ, ನಿಮ್ಮ ಬರಹ ಆ ಸಾಲಿನಲ್ಲಿ ನಿಲ್ಲುತ್ತದೆಯೇ ನೋಡಿ. ಇಡೀ ಹಸ್ತಪ್ರತಿ ಕಳಿಸುವ ಮುನ್ನ ಪರಿಚಯದ ಪತ್ರ, ಎರಡು ಕಥೆ, ಉಳಿದ ಕಥೆಗಳು ಎಲ್ಲೆಲ್ಲಿ ಬಂದಿವೆ ಎಂಬ ಪಟ್ಟಿ ಸಾಕು. ಕವನ ಸಂಕಲನಕ್ಕೆ ಪ್ರಕಾಶಕರು ಹಿಂದೆಗೆಯುತ್ತಾರೆ, ಮಾರಾಟ ಕಡಿಮೆ. ಇದನ್ನು ತಿಳಿದೇ ಕೇಳಿ.

ಮೊದಲ ಪುಸ್ತಕಕ್ಕೆಂದೇ ಸರ್ಕಾರದ ಸಹಾಯ ಇದೆ, ಇದು ಹಳ್ಳಿಗಾಡಿನ ಹುಡುಗರಿಗೆ ತಿಳಿಯುವುದೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿ ಕರೆದ ಪ್ರಕಟಣೆ ದಿನಪತ್ರಿಕೆಗಳ ಒಳಪುಟದಲ್ಲಿ ಸಣ್ಣದಾಗಿ ಬರುತ್ತದೆ. ಹಸ್ತಪ್ರತಿಯನ್ನು ಆಯ್ಕೆ ಸಮಿತಿ ನೋಡುತ್ತದೆ, ಹಾಗಾಗಿ ಬೆರಳಚ್ಚಿಸಿ ತಿದ್ದಿದ ಪ್ರತಿ ಸಿದ್ಧವಿರಲಿ. ಪ್ರಕಟವಾದ ಮೊದಲ ಕೃತಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಮಧುರಚೆನ್ನ ದತ್ತಿ ಬಹುಮಾನ ಇದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಯುವ ಪುರಸ್ಕಾರ ಕೊಡುತ್ತಿದೆ, ವಯಸ್ಸಿನ ಮಿತಿ 35, ಮೊತ್ತ 50,000 ರೂಪಾಯಿ.

ಪ್ರಕಾಶಕರು ಸಿಗದೆ ನೀವೇ ಅಚ್ಚು ಹಾಕಿಸುವುದಾದರೆ ಪುಟದ ಲೆಕ್ಕ ತಿಳಿಯಿರಿ. ನಮ್ಮಲ್ಲಿ ಹೆಚ್ಚಿನ ಪುಸ್ತಕ ಡೆಮಿ 1/8 ಅಳತೆಯವು; ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ. 96 ಪುಟಕ್ಕೆ ಆರು ಫಾರಂ, 112ಕ್ಕೆ ಏಳು. ನಿಮ್ಮ ಹಸ್ತಪ್ರತಿ 99 ಪುಟ ಬಂದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಅರ್ಧ ಫಾರಮ್ಮಿನ ಖರ್ಚು ಬೀಳುತ್ತದೆ. ದುರ್ಬಲವಾದ ಒಂದು ಕವಿತೆಯನ್ನು ತೆಗೆದುಹಾಕಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಮುಖಪುಟಕ್ಕೆ ಹಣ ಸುರಿದು ಕರಡು ತಿದ್ದುವವರಿಗೆ ಕೊಡದೆ ಉಳಿಸುವವರೇ ಹೆಚ್ಚು. ತಿರುಗಾಮುರುಗಾ ಮಾಡಿ. ನಿಮ್ಮ ತಪ್ಪು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಬೇರೆಯವರಿಂದ ಓದಿಸಿ. ಐನೂರು ಪ್ರತಿ ಹಾಕಿಸಿ ಮನೆಯ ಅಟ್ಟ ತುಂಬಿಸುವ ಬದಲು, ಬೇಡಿಕೆ ಬಂದಂತೆ ಮುದ್ರಿಸುವ ಪದ್ಧತಿಯಲ್ಲಿ ಐವತ್ತು ಪ್ರತಿಯಿಂದ ಶುರು ಮಾಡಬಹುದು. ಬಿಡಿ ಪ್ರತಿಯ ವೆಚ್ಚ ಹೆಚ್ಚು, ಆದರೆ ಒಟ್ಟು ಹಣ ಸಿಕ್ಕಿಹಾಕಿಕೊಳ್ಳುವುದಿಲ್ಲ. ಮುನ್ನುಡಿಗಾಗಿ ಹಿರಿಯರ ಹಿಂದೆ ವರ್ಷಗಟ್ಟಲೆ ಅಲೆಯಬೇಡಿ. ಮುನ್ನುಡಿ ನೋಡಿ ಪುಸ್ತಕ ಕೊಂಡವರನ್ನು ನಾನು ಕಂಡಿಲ್ಲ.

ಲೆಕ್ಕ ಸ್ಪಷ್ಟವಾಗಿರಲಿ. ಬೆಲೆ 150 ರೂಪಾಯಿಯ ಪುಸ್ತಕದ ಮೇಲೆ ಅಂಗಡಿಯವರು ಶೇ 30ರಿಂದ 40 ರಿಯಾಯಿತಿ ಕೇಳುತ್ತಾರೆ. ಪ್ರಕಾಶಕರಿಂದ ಲೇಖಕರಿಗೆ ರೂಢಿಯಲ್ಲಿ ಶೇ 10, ಅಂದರೆ ಪ್ರತಿಗೆ ಹದಿನೈದು ರೂಪಾಯಿ. ಐನೂರು ಪ್ರತಿ ಪೂರ್ತಿ ಮಾರಾಟವಾದರೆ 7,500. ಎಷ್ಟೋ ಪ್ರಕಾಶಕರು ಹೊಸಬರಿಗೆ ಹಣದ ಬದಲು ಗೌರವ ಪ್ರತಿಗಳನ್ನೇ ಕೊಡುತ್ತಾರೆ. ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು, ಆದರೆ ಅಚ್ಚಿಗೆ ಹೋಗುವ ಮೊದಲೇ ಕೇಳಿ ಬರೆಸಿಕೊಳ್ಳಿ.

ಬರೆಸಿಕೊಳ್ಳಿ ಎಂದೆನಲ್ಲ, ಅದು ಶಿಷ್ಟಾಚಾರದ ಮಾತಲ್ಲ, ಕಾನೂನು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದ ಕೃತಿಯ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ನಿಮ್ಮ ಜೀವಿತಕಾಲ ಮತ್ತು ಆಮೇಲಿನ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆಂದು ಬರೆಯದಿದ್ದರೆ ಐದು ವರ್ಷವೆಂದು ಕಾಯ್ದೆ ಭಾವಿಸುತ್ತದೆ. ಪ್ರಕಾಶಕರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದ ಹೊರತು, ಅದು ತಾನೇ ರದ್ದಾಗುತ್ತದೆ. ಆದ್ದರಿಂದ "ಸಕಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರವು" ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಅನುವಾದ, ಆಡಿಯೊ, ಸಿನಿಮಾ ಹಕ್ಕುಗಳನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ. ಇ-ಪುಸ್ತಕದ ಪಾಲು ಎಷ್ಟೆಂದು ಪ್ರತ್ಯೇಕವಾಗಿ ಬರೆಸಿ. ಹದಿನೆಂಟು ತುಂಬದವರ ಸಹಿಗೆ ಒಪ್ಪಂದದಲ್ಲಿ ಬೆಲೆ ಇಲ್ಲ, ಪೋಷಕರು ಸಹಿ ಹಾಕಬೇಕು.

ಪುಸ್ತಕ ಬಂದ ಮೇಲೆ ಬಿಡುಗಡೆ ಸಮಾರಂಭದ ಗಡಿಬಿಡಿಯಲ್ಲಿ ಎಲ್ಲ ಪ್ರತಿಗಳನ್ನೂ ನೆಂಟರಿಗೆ ಹಂಚಿಬಿಡಬೇಡಿ. 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸುವುದು ಪ್ರಕಾಶಕರ ಹೊಣೆ. ನೀವೇ ಪ್ರಕಾಶಕರಾದರೆ ನಿಮ್ಮದು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಪ್ರತಿಗಳನ್ನು ಸಲ್ಲಿಸಿ; ಗ್ರಂಥಾಲಯ ಇಲಾಖೆಯ ಖರೀದಿಗೆ ಅರ್ಜಿ ಹಾಕುವಾಗ ಅದರ ರಸೀದಿ ಬೇಕಾಗುತ್ತದೆ. ವಿಮರ್ಶೆಗೆ ಪತ್ರಿಕೆಗಳು ಸಾಮಾನ್ಯವಾಗಿ ಎರಡು ಪ್ರತಿ ಕೇಳುತ್ತವೆ. ಪ್ರಶಸ್ತಿಗಳಿಗೆ ಒಂದೊಂದು ಕಡೆ ಮೂರು ನಾಲ್ಕು ಪ್ರತಿ, ಜೊತೆಗೆ ಹುಟ್ಟಿದ ದಿನಾಂಕದ ದಾಖಲೆ. ಮೂವತ್ತು ಪ್ರತಿಗಳನ್ನು ಒಂದು ಪೆಟ್ಟಿಗೆಯಲ್ಲಿ ಕಟ್ಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲುಗಳನ್ನು ಅದರಲ್ಲೇ ಹಾಕಿ, ಮನೆಯವರು ಯಾರಿಗೂ ತೆಗೆದುಕೊಡದಂತೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ.